ಆನೆಗೆ ಎಷ್ಟು ಪಾಯಿಂಟು?

ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ಅಲೆಕ್ಸಾಂಡರನನ್ನು ಎದುರಿಸಿದ ಪೋರಸ್ ದೊರೆಯ ಬಳಿ 200 ಆನೆಗಳಿದ್ದವು ಎನ್ನುತ್ತಾನೆ ಚರಿತ್ರೆಕಾರ ಏರಿಯನ್. ಡಿಯೊಡೋರಸನ ಲೆಕ್ಕದಲ್ಲಿ ಅವು 130. ಕರ್ಟಿಯಸ್ ಹೇಳುವುದು 85. ಮೂವರೂ ಆ ಯುದ್ಧ ಮುಗಿದು ಶತಮಾನಗಳು ಕಳೆದ ಮೇಲೆ ಬರೆದವರು. ಚರಿತ್ರೆ ಓದುವವರು ಮೂರು ಅಂಕಿಗಳನ್ನೂ ಗುರುತು ಹಾಕಿಕೊಂಡು ಮುಂದಿನ ಪುಟಕ್ಕೆ ಹೋಗಬಹುದು. ಅದೇ ಯುದ್ಧವನ್ನು ಪುಟ್ಟ ಬೊಂಬೆ ಸೈನಿಕರನ್ನಿಟ್ಟು ಮೇಜಿನ ಮೇಲೆ ಆಡಲು ಹೊರಟವರಿಗೆ ಆ ಅನುಕೂಲವಿಲ್ಲ. ಎಷ್ಟು ಆನೆ, ಎಷ್ಟು ರಥ, ಎಷ್ಟು ಬಿಲ್ಲಾಳು ಎಂದು ಅವರು ಪಟ್ಟಿ ಬರೆಯಲೇಬೇಕು. ಆ ಪಟ್ಟಿ ಚರಿತ್ರೆಗೂ ಒಪ್ಪಬೇಕು, ಎದುರು ಕೂತವರಿಗೂ ಗೆಲ್ಲುವ ದಾರಿ ಬಿಡಬೇಕು. ಈ ಎರಡು ಹೊಣೆಗಳನ್ನು ಒಟ್ಟಿಗೆ ಹೊರುವುದರಿಂದಲೇ ಸೈನ್ಯಪಟ್ಟಿ ಬರೆಯುವುದನ್ನು ನಾನು ಒಂದು ಬಗೆಯ ವಿಮರ್ಶೆ ಎಂದೇ ಎಣಿಸುತ್ತೇನೆ.

ಮಿನಿಯೇಚರ್ ವಾರ್‌ಗೇಮ್ ನಮ್ಮಲ್ಲಿ ಹೆಚ್ಚು ಜನ ಆಡುವ ಆಟವಲ್ಲ. ಚದುರಂಗದಂತೆ ಇದರಲ್ಲಿ ಮನೆಗಳಿಲ್ಲ. ಬಣ್ಣ ಬಳಿದ ಸೈನಿಕರನ್ನು ಅಳತೆಪಟ್ಟಿಯಿಂದ ಅಳೆದು ಮುಂದಕ್ಕೆ ಸರಿಸುತ್ತಾರೆ, ಕೈ ಕೈ ಹತ್ತಿದಾಗ ದಾಳ ಹಾಕುತ್ತಾರೆ. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲೇ ಇಂಥ ಆಟಕ್ಕೆ ನಿಯಮ ಬರೆದು ಪುಸ್ತಕ ಮಾಡಿದ್ದ. ಇವತ್ತು ಲೋಕದಲ್ಲಿ ಹೆಚ್ಚು ಹೆಸರಾಗಿರುವುದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ 'ವಾರ್‌ಹ್ಯಾಮರ್ 40,000'. 1987ರಲ್ಲಿ ಹುಟ್ಟಿದ ಈ ಆಟದಲ್ಲಿ ಪ್ರತಿ ತುಕಡಿಗೂ ಒಂದು ಬೆಲೆ ಇದೆ. ಇಬ್ಬರೂ, ಸಾಮಾನ್ಯವಾಗಿ, 2,000 ಪಾಯಿಂಟುಗಳೊಳಗೆ ತಮ್ಮ ತಮ್ಮ ಸೈನ್ಯ ಕಟ್ಟಿಕೊಂಡು ಬರುತ್ತಾರೆ. ಸಂತೆಗೆ ಒಂದೇ ಮೊತ್ತ ಹಿಡಿದು ಹೋದ ಇಬ್ಬರ ಚೀಲ ಒಂದೇ ತೂಕವಿರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ.

ಆ ನಂಬಿಕೆ ಪೂರ್ತಿ ನಿಲ್ಲುವುದಿಲ್ಲ. ಟ್ಯಾಂಕು ಒಡೆಯುವ ತೋಪಿಗೆ ಎದುರಾಳಿ ಟ್ಯಾಂಕು ತಂದರೆ ಮಾತ್ರ ಬೆಲೆ. ಎದುರಿಗೆ ನೂರು ಕಾಲಾಳು ನುಗ್ಗಿ ಬಂದರೆ ಅದು ಮೇಜಿನ ಮೂಲೆಯಲ್ಲಿ ನಿಂತ ಕಬ್ಬಿಣ. ಬಯಲಿನಲ್ಲಿ ಕುದುರೆಗೆ ಇರುವ ಬೆಲೆ ಕಾಡಿನಲ್ಲಿಲ್ಲ. ಪಾಯಿಂಟು ಮಾತ್ರ ಬಯಲಿಗೂ ಕಾಡಿಗೂ ಒಂದೇ. ಹಾಗಾಗಿ ಕಂಪನಿ ವರ್ಷದಲ್ಲಿ ಹಲವು ಬಾರಿ ಬೆಲೆ ತಿದ್ದುತ್ತದೆ. ಅಷ್ಟು ಸಾಲದೆಂದು 2,000 ಪಾಯಿಂಟಿನ ಸೈನ್ಯದಲ್ಲಿ ಒಂದೇ ಬಗೆಯ ತುಕಡಿ, ಕೆಲವು ಸಾಮಾನ್ಯ ತುಕಡಿಗಳನ್ನು ಬಿಟ್ಟು, ಮೂರಕ್ಕಿಂತ ಹೆಚ್ಚು ಇರಬಾರದೆಂಬ ಕಟ್ಟಳೆಯನ್ನೂ ತಂದಿದೆ. ಲೆಕ್ಕ ಹಿಡಿತಕ್ಕೆ ಸಿಗದ ಕಡೆ ಬೇಲಿ ಹಾಕಿದ್ದು ಇದು. ಆಟಗಾರರು ಬೇಲಿಯಲ್ಲಿ ಸಂದು ಹುಡುಕುವುದರಲ್ಲೇ ಪಳಗುತ್ತಾರೆ. ಎಷ್ಟೋ ಆಟಗಳ ಸೋಲು-ಗೆಲುವು ಮನೆಯಲ್ಲಿ ಪಟ್ಟಿ ಬರೆಯುವಾಗಲೇ ತೀರ್ಮಾನವಾಗಿರುತ್ತದೆ. ನನಗೆ ಇದು ಆಟದ ದೊಡ್ಡ ಊನವಾಗಿ ಕಾಣುತ್ತದೆ, ಯಾಕೆಂದರೆ ಮೇಜಿನ ಮೇಲೆ ತೋರಬೇಕಾದ ಜಾಣ್ಮೆಯನ್ನು ಅದು ಕಾಗದಕ್ಕೆ ಒಪ್ಪಿಸಿಬಿಡುತ್ತದೆ.

ಹಾಗಂತ ಪಾಯಿಂಟನ್ನು ಕಿತ್ತೆಸೆದರೆ ಆಗುವುದೇನು ಎಂಬುದನ್ನೂ ಅದೇ ಕಂಪನಿ ತೋರಿಸಿತು. 2015ರಲ್ಲಿ ಅದು 'ಏಜ್ ಆಫ್ ಸಿಗ್ಮಾರ್' ಎಂಬ ಆಟವನ್ನು ಪಾಯಿಂಟೇ ಇಲ್ಲದೆ ಹೊರತಂದಿತು. ನಿಮ್ಮಲ್ಲಿರುವ ಬೊಂಬೆಗಳನ್ನೆಲ್ಲ ತನ್ನಿ, ಎದುರಾಳಿಯೊಡನೆ ಮಾತಾಡಿಕೊಂಡು ಆಡಿ ಎಂಬ ಧೋರಣೆ ಅದರದು. ಹಳೆಯ ಗೆಳೆಯರ ನಡುವೆ ಅದು ನಡೆದೀತು, ಮೊದಲ ಸಲ ಭೇಟಿಯಾದ ಇಬ್ಬರಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಆಟಗಾರರು ತಾವೇ ಲೆಕ್ಕಗಳನ್ನು ಹೊಸೆದುಕೊಂಡರು. ಮರುವರ್ಷ, 2016ರಲ್ಲಿ, ಕಂಪನಿಯೇ ಪಾಯಿಂಟುಗಳನ್ನು ಮತ್ತೆ ಅಚ್ಚು ಹಾಕಿಸಿತು.

ಪಾಯಿಂಟಿಲ್ಲದೆಯೂ ಸಮತೋಲ ಸಾಧ್ಯವೆನ್ನುವುದು ನಮಗೆ ಹೊಸ ಮಾತಲ್ಲ. ಆಡು-ಹುಲಿ ಆಟದಲ್ಲಿ 3 ಹುಲಿ, 15 ಆಡು. ಊರಿಂದೂರಿಗೆ ಈ ಎಣಿಕೆ ಬದಲಾದರೂ ಎರಡು ಕಡೆಯೂ ಒಂದೇ ಸಮ ಇರುವುದು ಎಲ್ಲೂ ಇಲ್ಲ. ಹುಲಿ ಹಾರಿ ಕೊಲ್ಲುತ್ತದೆ, ಆಡು ಕೊಲ್ಲಲಾರದು, ಸುತ್ತುಗಟ್ಟಿ ನಿಲ್ಲಿಸಬಲ್ಲದು. ಒಂದು ಹುಲಿ ಎಷ್ಟು ಆಡಿಗೆ ಸಮ ಎಂದು ಯಾರೂ ಬೆಲೆ ಕಟ್ಟಿಲ್ಲ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೊರೆದ ಆ ಗೆರೆಗಳೂ ನಡೆಯ ನಿಯಮಗಳೂ ಸೇರಿ ತೂಗಿಕೊಂಡು ಹೋಗುತ್ತವೆ.

ಈ ಬಗೆಯ ತೂಕವನ್ನು ನಾನು ಕಂಡದ್ದು 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ಎಂಬ ನಿಯಮಾವಳಿಯಲ್ಲಿ. ಬಲ್ಲವರು ಡಿಬಿಎ ಎನ್ನುತ್ತಾರೆ. ಫಿಲ್ ಬಾರ್ಕರ್ ಮತ್ತು ರಿಚರ್ಡ್ ಬಾಡ್ಲಿ ಸ್ಕಾಟ್ 1990ರಲ್ಲಿ ಇದನ್ನು ತಂದರು. ಪ್ರಾಚೀನ ಹಾಗೂ ಮಧ್ಯಯುಗದ ಯಾವ ಸೈನ್ಯವಾದರೂ ಸರಿ, ಅದಕ್ಕೆ 12 ತುಕಡಿ. ಬೆಲೆಯೆಂಬುದೇ ಇಲ್ಲ. ಯಾವ ಸೈನ್ಯದಲ್ಲಿ ಯಾವ ತುಕಡಿ ಎಷ್ಟು ಎಂಬುದನ್ನು ಪುಸ್ತಕವೇ ಹೇಳುತ್ತದೆ, ಒಂದೆರಡು ಕಡೆ ಆಯ್ಕೆ ಬಿಡುತ್ತದೆ. ಆ ಸೈನ್ಯಕ್ಕೆ ಚರಿತ್ರೆಯಲ್ಲಿ ಶತ್ರುಗಳಾಗಿದ್ದವರು ಯಾರು ಎಂಬುದೂ ಪಟ್ಟಿಯಲ್ಲೇ ಇದೆ.

ಆನೆಯ ಬೆಲೆ ಇಲ್ಲಿ ಎಲ್ಲಿ ಅಡಗಿದೆ ನೋಡಿ. ಸರದಿ ಬಂದಾಗಲೆಲ್ಲ ಆಟಗಾರ ಒಂದು ದಾಳ ಹಾಕುತ್ತಾನೆ. ಬಿದ್ದ ಸಂಖ್ಯೆಯಷ್ಟೇ ನಡೆ, ಇದನ್ನು ಪಿಪ್ ಎನ್ನುತ್ತಾರೆ. ಒಂದು ತುಕಡಿಗೆ, ಅಥವಾ ಸಾಲುಗೂಡಿ ನಿಂತ ಒಂದು ಗುಂಪಿಗೆ, ಒಂದು ಪಿಪ್ ಸಾಕು. ಆನೆ ಸೇರಿದ್ದರೆ ಇನ್ನೊಂದು ಹೆಚ್ಚು ತೆರಬೇಕು. ಒಂದು ಬಿದ್ದ ಸರದಿಯಲ್ಲಿ ಆನೆಗಳು ನಿಂತಲ್ಲೇ ನಿಲ್ಲಬಹುದು. ಅಂದರೆ ಆನೆಯ ಬೆಲೆಯನ್ನು ಯುದ್ಧಕ್ಕೆ ಮೊದಲೇ ಕೊಟ್ಟು ಮುಗಿಸುವಂತಿಲ್ಲ, ಅದನ್ನು ನಡೆಸಿದಾಗಲೆಲ್ಲ ಕೊಡಬೇಕು. ಕೈಲಿರುವ ನಾಲ್ಕು ಪಿಪ್ಪನ್ನು ಆನೆಗೆ ಸುರಿದರೆ ಪಕ್ಕದ ಕುದುರೆಸಾಲು ಅನಾಥವಾಗುತ್ತದೆ. ಮಾವುತನಿಗೆ, ಅವನ ಸೇನಾಪತಿಗೆ ರಣರಂಗದಲ್ಲಿ ಇದ್ದಿರಬಹುದಾದ ಚಿಂತೆ ಇದೇ ಅಲ್ಲವೇ? ನಾನು ಓದಿದ ಯಾವ ಪಾಯಿಂಟು ಪಟ್ಟಿಯೂ ಆನೆಯ ಬಗ್ಗೆ ಇಷ್ಟು ನಿಜ ಹೇಳಿಲ್ಲ.

ಇನ್ನೊಂದು ತೂಕ ಕಾದಾಟದಲ್ಲಿದೆ. ಸೋತ ತುಕಡಿ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ, ಬಲವೂ ದಾಳವೂ ಸೇರಿ ಎದುರಾಳಿಯ ಮೊತ್ತ ತನ್ನದರ ಎರಡರಷ್ಟಾದರೆ ಸಾಯುತ್ತದೆ. ಕೆಲವು ಜೋಡಿಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಮೇಲೆ ಬೀಳುವ ಭಾರೀ ಕುದುರೆಪಡೆ ಆನೆಗೆ ಸೋತರೆ ಅಲ್ಲೇ ನಾಶ. ಆದರೆ ಅದೇ ಆನೆ ಭರ್ಜಿ ಎಸೆಯುವ ಲಘು ಕಾಲಾಳುಗಳಿಗೆ ಸೋತರೆ ಅದೂ ಅಲ್ಲೇ ನಾಶ. ಬಲ ನೋಡಿದರೆ ಆ ಕಾಲಾಳುಗಳು ಏನೇನೂ ಅಲ್ಲ. ಗೆಲ್ಲುವುದು ಅಪರೂಪ, ಗೆದ್ದ ದಿನ ಮಾತ್ರ ಆನೆ ಉಳಿಯುವುದಿಲ್ಲ.

ಝೀಲಂ ಯುದ್ಧವನ್ನು ನಾನು ಎರಡೂ ಕಡೆಯಿಂದ ಆಡಿದ್ದೇನೆ. ಪೋರಸನ ಕಡೆ ಕೂತಾಗ ಮೊದಲು ಮಾಡಿದ ತಪ್ಪು ಆನೆಗಳನ್ನು ಒತ್ತಾಗಿ ನಿಲ್ಲಿಸಿ ಮುಂದೆ ನುಗ್ಗಿಸಿದ್ದು. ಅವು ನಡೆದದ್ದು ಕಡಿಮೆ, ಪಿಪ್ ತಿಂದದ್ದು ಹೆಚ್ಚು. ಆಮೇಲೆ ತಿಳಿಯಿತು, ಆನೆ ನಿಂತ ಜಾಗದ ಎದುರಿಗೆ ಶತ್ರುವಿನ ಕುದುರೆ ಬರಲಾರದು, ಅಷ್ಟೇ ಅದರ ದೊಡ್ಡ ಕೆಲಸ. ನಡುವೆ ಬಿಲ್ಲಾಳುಗಳನ್ನಿಟ್ಟು, ಲಘು ಕಾಲಾಳುಗಳನ್ನು ಆನೆಯ ಹತ್ತಿರಕ್ಕೆ ಬಿಡದೆ, ಪಿಪ್ಪುಗಳನ್ನು ಪಕ್ಕದ ಕುದುರೆಗಳಿಗೆ ಉಳಿಸಿಕೊಂಡರೆ ಪೋರಸ್ ಗೆಲ್ಲಬಲ್ಲ. ಅಲೆಕ್ಸಾಂಡರನ ಕಡೆ ಕೂತಾಗ ಪಾಠ ತಿರುಗುಮುರುಗು. ಕುದುರೆಗಳನ್ನು ಆನೆಯ ಮುಂದೆ ತರದೆ ಭಾರತೀಯರ ಎಡಪಕ್ಕದ ಸವಾರರ ಮೇಲೆ ಬಿಡಬೇಕು, ಆನೆಗಳನ್ನು ಭರ್ಜಿಯವರಿಗೂ ಉದ್ದ ಈಟಿಯ ದಟ್ಟ ಸಾಲಿಗೂ ಬಿಟ್ಟುಕೊಡಬೇಕು. ಏರಿಯನ್ ವರ್ಣಿಸುವ ಯುದ್ಧವೂ ಹೆಚ್ಚುಕಡಿಮೆ ಇದೇ. ಚರಿತ್ರೆಯ ಸೇನಾಪತಿ ತೆಗೆದುಕೊಂಡ ತೀರ್ಮಾನಕ್ಕೆ ಆಟಗಾರ ತನ್ನ ಕಷ್ಟದಿಂದಲೇ ಬಂದು ಸೇರಿದರೆ ಆ ನಿಯಮಾವಳಿ ಚರಿತ್ರೆಯನ್ನು ಚೆನ್ನಾಗಿ ಓದಿದೆ ಎಂದೇ ನನ್ನ ತೀರ್ಪು.

ಡಿಬಿಎ ದೋಷವಿಲ್ಲದ್ದಲ್ಲ. ಬಾರ್ಕರ್ ಬರೆಯುವ ವಾಕ್ಯಗಳು ಶಾಸನಪಾಠದಷ್ಟು ಬಿಗಿ, ಮೊದಲ ಓದಿಗೆ ಬಿಚ್ಚಿಕೊಳ್ಳುವುದೇ ಇಲ್ಲ. 4 ತುಕಡಿ, ಅದೂ ಎದುರಾಳಿ ಕಳೆದುಕೊಂಡದ್ದಕ್ಕಿಂತ ಹೆಚ್ಚು, ಕಳೆದುಕೊಂಡರೆ ಆಟ ಮುಗಿಯುವುದರಿಂದ ಎರಡು ಕೆಟ್ಟ ದಾಳಗಳು ಒಳ್ಳೆಯ ಯೋಜನೆಯನ್ನು ಹಾಳು ಮಾಡಬಲ್ಲವು. ಚರಿತ್ರೆಯಲ್ಲಿ ಎಂದೂ ಭೇಟಿಯಾಗದ ಸೈನ್ಯಗಳನ್ನು ಎದುರುಬದುರು ನಿಲ್ಲಿಸಿದರಂತೂ ತೂಕ ತಪ್ಪುತ್ತದೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ನಮ್ಮ ಸೈನ್ಯಗಳ ಪಟ್ಟಿ. ಪೋರಸನ ಕಾಲಕ್ಕೆ ತೋರಿಸಿದ ಎಚ್ಚರ ಆಮೇಲಿನ ಭಾರತಕ್ಕೆ ಸಿಕ್ಕಿಲ್ಲ. 6ನೇ ಶತಮಾನದಿಂದ 16ನೇ ಶತಮಾನದ ಆರಂಭದವರೆಗಿನ ಸೈನ್ಯಗಳು 'ಹಿಂದೂ ಇಂಡಿಯನ್' ಎಂಬ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು ಎಲ್ಲರಿಗೂ ಒಂದೇ ಮನೆ. 634ರ ಐಹೊಳೆ ಶಾಸನ ಹೊಗಳುವ ಪುಲಕೇಶಿಯ ಸೈನ್ಯವನ್ನೂ, ಮುಸ್ಲಿಂ ಬಿಲ್ಲಾಳುಗಳನ್ನು ಸೇರಿಸಿಕೊಂಡ 15ನೇ ಶತಮಾನದ ಇಮ್ಮಡಿ ದೇವರಾಯನ ಸೈನ್ಯವನ್ನೂ ಒಂದೇ ಪಟ್ಟಿಯಲ್ಲಿ ಹಿಡಿಸಿದರೆ ಅದು ಯಾರ ಸೈನ್ಯವೂ ಆಗುವುದಿಲ್ಲ. ಯುರೋಪಿನ ಸಣ್ಣಪುಟ್ಟ ಸಂಸ್ಥಾನಗಳಿಗೂ ಬೇರೆ ಬೇರೆ ಪಟ್ಟಿ ಮಾಡಿರುವ ಪುಸ್ತಕದಲ್ಲಿ ಇದು ಎದ್ದು ಕಾಣುವ ಕೊರತೆ.

ಇದನ್ನು ತುಂಬಬೇಕಾದವರು ಇಲ್ಲಿಯ ಶಾಸನ ಓದಬಲ್ಲವರು, ಅಂದರೆ ನಾವು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲು ಇದೆ. ಗಂಗರ ಕಾಲದ ಆ ಕಲ್ಲಿನಲ್ಲಿ ಆನೆ, ಕುದುರೆ, ಬಿಲ್ಲಾಳು, ಕತ್ತಿಯಾಳು ಒಂದೇ ಕಾಳಗದಲ್ಲಿ ಬೆರೆತಿದ್ದಾರೆ. ಈ ಆಟದಲ್ಲಿ ಆಸಕ್ತಿ ಇರುವವರು ಒಂದು ನೋಟ್‌ಬುಕ್ ಹಿಡಿದು ಅದರ ಮುಂದೆ ನಿಂತು ನೋಡಿ, ಗಂಗರ ಸೈನ್ಯಕ್ಕೆ 12 ತುಕಡಿಗಳ ಪಟ್ಟಿಯನ್ನು ಅಲ್ಲಿಂದ ಶುರು ಮಾಡಿ.