ನೀರು ಕುಡಿದು ನಡೆಯುವ ಊರು

ಜೆಕ್ ದೇಶದ ಪಶ್ಚಿಮದ ಅಂಚಿನಲ್ಲಿ, ರೈಲಿನಲ್ಲಿ ಒಂದೂವರೆ ಗಂಟೆಯಷ್ಟು ಅಂತರದಲ್ಲಿ, ಕಾರ್ಲೊವಿ ವಾರಿ ಮತ್ತು ಮಾರಿಯಾನ್‌ಸ್ಕೆ ಲಾಜ್ನ್ಯೆ ಎಂಬ ಎರಡು ಹಳೆಯ ಸ್ಪಾ ಪಟ್ಟಣಗಳಿವೆ. ಕಾರ್ಲ್ಸ್‌ಬಾಡ್, ಮರಿಯನ್‌ಬಾಡ್ ಎಂಬ ಜರ್ಮನ್ ಹೆಸರುಗಳಿಂದಲೇ ಇವು ಹಿಂದೆ ಹೆಸರಾಗಿದ್ದವು. 2021ರಲ್ಲಿ ಯುನೆಸ್ಕೊ ಯುರೋಪಿನ 11 ಸ್ಪಾ ಪಟ್ಟಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಎರಡಕ್ಕೂ ಜಾಗ ಸಿಕ್ಕಿತು. ನ್ಯೂರೆಂಬರ್ಗ್, ಮ್ಯೂನಿಕ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇವು ಕಾರಿನಲ್ಲಿ ಎರಡರಿಂದ ಮೂರೂವರೆ ಗಂಟೆಯ ದಾರಿ. ಊರಿನಿಂದ ಬಂದ ಅಪ್ಪ–ಅಮ್ಮನನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದಾಗ ತಲೆಗೆ ಬರುವ ಊರುಗಳು. ಎರಡರಲ್ಲಿ ಯಾವುದು ಎಂದರೆ ಬಹುತೇಕ ಎಲ್ಲರೂ ಕಾರ್ಲೊವಿ ವಾರಿ ಎನ್ನುತ್ತಾರೆ. ಒಂದು ದಿನದ ಭೇಟಿಗೆ ಆ ಮಾತು ಸರಿ. ನಾಲ್ಕೈದು ದಿನ ತಂಗುವವರಿಗೆ ಮಾರಿಯಾನ್‌ಸ್ಕೆಯೇ ತಕ್ಕ ಊರು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪಾ ಪಟ್ಟಣವನ್ನು ಅಲ್ಲಿನ ಕಟ್ಟಡಗಳಿಂದ ಅಳೆಯುವುದು ರೂಢಿ. ಆದರೆ ಆ ಕಟ್ಟಡಗಳೆಲ್ಲ ಎದ್ದದ್ದು ಒಂದು ದಿನಚರಿಯ ಸುತ್ತ. ಆ ದಿನಚರಿಗೆ ರೂಪ ಕೊಟ್ಟವರಲ್ಲಿ ಮುಖ್ಯನಾದವನು 18ನೇ ಶತಮಾನದಲ್ಲಿ ಕಾರ್ಲೊವಿ ವಾರಿಯಲ್ಲಿದ್ದ ವೈದ್ಯ ಡೇವಿಡ್ ಬೆಹರ್. ಅವನಿಗಿಂತ ಹಿಂದೆ ರೋಗಿಗಳು ಚರ್ಮ ಒಡೆಯುವವರೆಗೆ ಗಂಟೆಗಟ್ಟಲೆ ಬಿಸಿನೀರಲ್ಲಿ ಕೂರುತ್ತಿದ್ದರು. ಬೆಹರ್ ನೀರನ್ನು ಬುಗ್ಗೆಯ ಬಳಿಯೇ ಹಿತಮಿತವಾಗಿ ಕುಡಿದು, ಜೊತೆಗೆ ನಡೆಯಿರಿ ಎಂದ. ಕಂಬಸಾಲಿನ ಉದ್ದನೆಯ ಮಂಟಪಗಳು, ಬೆಳಗಿನ ವಾದ್ಯಗೋಷ್ಠಿ, ಕಾಡಿನ ಕಾಲುದಾರಿ, ಎಲ್ಲವೂ ಈ ಕುಡಿದು ನಡೆಯುವ ಪದ್ಧತಿಗೆ ಒದಗಿಬಂದ ಅನುಕೂಲಗಳು. ಹಾಗಾಗಿ ಇವತ್ತು ಆ ಪದ್ಧತಿಯಂತೆ ನಾಲ್ಕು ದಿನ ಬದುಕುವುದು ಯಾವ ಊರಲ್ಲಿ ಸಲೀಸು ಎಂದು ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಕಾರ್ಲೊವಿ ವಾರಿಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. 1370ರಲ್ಲಿ ನಾಲ್ಕನೇ ಚಾರ್ಲ್ಸ್ ಚಕ್ರವರ್ತಿಯಿಂದ ಪಟ್ಟಣದ ಹಕ್ಕು ಪಡೆದ ಊರು ಅದು. ವ್ರಿಡ್ಲೊ ಎಂಬ ಬುಗ್ಗೆಯಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ನಿಮಿಷಕ್ಕೆ ಸುಮಾರು 2,000 ಲೀಟರಿನಂತೆ ಉಕ್ಕಿ, ಹತ್ತು–ಹನ್ನೆರಡು ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. ಅದರಲ್ಲಿ ಖನಿಜ ಎಷ್ಟಿದೆಯೆಂದರೆ, ಕಾಗದದ ಗುಲಾಬಿಯನ್ನು ಆ ನೀರಿಗೆ ಒಡ್ಡಿಟ್ಟರೆ ಕೆಲವೇ ದಿನಗಳಲ್ಲಿ ಕಂದುಗೆಂಪು ಕಲ್ಲಿನ ಪದರ ಕಟ್ಟುತ್ತದೆ. ಅಂಗಡಿಗಳಲ್ಲಿ ಆ ಕಲ್ಲುಹೂವು ಮಾರಾಟಕ್ಕಿರುತ್ತದೆ. ಬುಗ್ಗೆಯ ಮೇಲೆ 1975ರಲ್ಲಿ ಕಟ್ಟಿದ ಗಾಜು–ಕಾಂಕ್ರೀಟಿನ ಮಂಟಪವನ್ನು ಹಲವರು ಹಳಿಯುತ್ತಾರೆ. ನನಗೆ ಅದು ಸರಿಯಾದ ಕಟ್ಟಡವೆಂದೇ ತೋರುತ್ತದೆ: ಅಲಂಕಾರದ ಗೊಡವೆಗೆ ಹೋಗದೆ, ನೀರಿನ ಆ ರಭಸವನ್ನು ನೋಡುವುದಕ್ಕೆ ಬೇಕಾದಷ್ಟು ಎತ್ತರವನ್ನೂ ಬೆಳಕನ್ನೂ ಒದಗಿಸುತ್ತದೆ. ತುಸು ಆಚೆ, ಯೋಸೆಫ್ ಝೀಟೆಕ್ 1881ರಲ್ಲಿ ಮುಗಿಸಿದ, 124 ಕಂಬಗಳ ಮ್ಲೀನ್‌ಸ್ಕಾ ಮಂಟಪದಲ್ಲಿ ಯಾರು ಬೇಕಾದರೂ ಕಾಸು ಕೊಡದೆ ನೀರು ಹಿಡಿದುಕೊಳ್ಳಬಹುದು. ಪಿಂಗಾಣಿಯ ಚಪ್ಪಟೆ ಲೋಟ, ಅದರ ಹಿಡಿಯೇ ಟೊಳ್ಳಾದ ಕೊಳವೆ. ಉಪ್ಪುಪ್ಪಾದ ಬಿಸಿನೀರನ್ನು ಅದರಿಂದ ಗುಟುಕು ಗುಟುಕಾಗಿ ಹೀರಬೇಕು.

ತೊಡಕು ಇರುವುದು ನೆಲದಲ್ಲಿ. ಬುಗ್ಗೆಗಳೆಲ್ಲ ಟೆಪ್ಲಾ ನದಿಯ ಕಿರಿದಾದ ಕಣಿವೆಯ ತಳದಲ್ಲಿ ಒತ್ತೊತ್ತಾಗಿವೆ. ನೀರು, ಹೋಟೆಲು, ಗಾಜಿನ ಸಾಮಾನಿನ ಅಂಗಡಿ, ಬೆಹೆರೊವ್ಕಾ ಮದ್ಯದ ಬಾಟಲಿ, ಪ್ರಾಗ್‌ನಿಂದ ಬಸ್ಸಿನಲ್ಲಿ ಬಂದು ಸಂಜೆಗೆ ಮರಳುವ ಪ್ರವಾಸಿಗರು, ಎಲ್ಲವೂ ಅದೇ ಹೊಳೆದಂಡೆಯ ಬೀದಿಯನ್ನು ಹಂಚಿಕೊಳ್ಳಬೇಕು. ಅಲ್ಲಿ ಲೋಟ ಹಿಡಿದು ನಡೆಯುವುದೆಂದರೆ ಜಾತ್ರೆಯಲ್ಲಿ ತುಂಬಿದ ಕೊಡ ಹೊತ್ತು ನಡೆದಂತೆ. ಸುತ್ತಲ ಗುಡ್ಡಗಳಲ್ಲಿ ಸೊಗಸಾದ ಕಾಡುದಾರಿಗಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಇವೆ, ಡಯಾನಾ ಗೋಪುರದವರೆಗೆ ಹಗ್ಗದ ರೈಲೂ ಇದೆ. ಆದರೆ ಆ ದಾರಿಗಳು ನೀರನ್ನು ಕೆಳಗೇ ಬಿಟ್ಟು ಏರುತ್ತವೆ, ಅದೂ ಕಡಿದಾಗಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಏರುವ ಮಾತೇ ಬೇಡ. ಬೆಹರ್ ಒಟ್ಟುಮಾಡಿದ ಎರಡು ಕೆಲಸಗಳು ಅವನ ಊರಿನಲ್ಲೇ ಬೇರೆಬೇರೆಯಾಗಿ ಉಳಿದಿವೆ.

ಮಾರಿಯಾನ್‌ಸ್ಕೆಯ ಕತೆ ಬೇರೆ. 1818ರಲ್ಲಿ ಸಾರ್ವಜನಿಕ ಸ್ಪಾ ಎಂದು ಘೋಷಣೆಯಾಗುವ ತುಸು ಮುಂಚಿನವರೆಗೂ ಅದು ಟೆಪ್ಲಾ ಮಠಕ್ಕೆ ಸೇರಿದ ಜೌಗು ಕಣಿವೆ. ಅಲ್ಲಿನ ಬುಗ್ಗೆಗಳ ಗುಣವನ್ನು ಗುರುತಿಸಿದವನು ವೈದ್ಯ ಯೋಸೆಫ್ ನೆಹ್ರ್. ಮಠಾಧಿಪತಿ ರೈಟೆನ್‌ಬರ್ಗರ್ ಊರು ಕಟ್ಟಲು ಕರೆಸಿದ್ದು ವಾಸ್ಲಾವ್ ಸ್ಕಾಲ್ನಿಕ್ ಎಂಬ ತೋಟಗಾರನನ್ನು. ಜೌಗನ್ನು ಬಸಿದು ಅವನು ನಡುವೆ ಉದ್ಯಾನ ಮಾಡಿದ. ಮನೆಗಳು ಅದರ ಸುತ್ತ ಎದ್ದವು. ಸುಮಾರು ನಲವತ್ತು ಬುಗ್ಗೆಗಳು ಊರಲ್ಲಿವೆ, ಎಲ್ಲವೂ ತಣ್ಣನೆಯವು, ಒಂದರಂತೆ ಒಂದಿಲ್ಲ. ಕ್ರಾಸ್ ಬುಗ್ಗೆಯದು ಭೇದಿಯ ಗುಣದ ಗ್ಲಾಬರ್ ಲವಣ, ರುಡಾಲ್ಫ್ ಬುಗ್ಗೆಯದು ಮೂತ್ರಕೋಶದ ತೊಂದರೆಗೆ ಕುಡಿಸುವ ನೀರು. 1889ರ ಎರಕದ ಕಬ್ಬಿಣದ ದೊಡ್ಡ ಮಂಟಪದಿಂದ ಹೊರಟು ಉದ್ಯಾನದ ದಕ್ಷಿಣಕ್ಕಿರುವ ಫರ್ಡಿನಾಂಡ್ ಬುಗ್ಗೆಗೋ ಉತ್ತರದ ಕಾಡಂಚಿನ ಬುಗ್ಗೆಗೋ ಹೋಗಬೇಕೆಂದರೆ ಮರಗಳ ನಡುವೆ ನಿಧಾನವಾಗಿ ನಡೆದೇ ಹೋಗಬೇಕು. ವೈದ್ಯ ಹೇಳಬೇಕಾದ್ದನ್ನು ಊರಿನ ನಕ್ಷೆಯೇ ಮಾಡಿಸುತ್ತದೆ.

ಈ ನೀರಿನಿಂದ ನಿಜಕ್ಕೂ ರೋಗ ವಾಸಿಯಾಗುತ್ತದೆಯೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಾಲ್ಕು ದಿನದಲ್ಲಿ ಯಾವ ಊರಿನ ನೀರೂ ಪವಾಡ ಮಾಡದು. ಹಿಂದಿನವರು ಮೂರು ವಾರ ಇರುತ್ತಿದ್ದರು. ಬಿಪಿ, ಕಿಡ್ನಿ ತೊಂದರೆ ಇರುವವರು ಈ ಲವಣದ ನೀರನ್ನು ವೈದ್ಯರನ್ನು ಕೇಳದೆ ಕುಡಿಯಲೇಬಾರದು. ಆದರೆ ನೀರಿನ ಗುಣವನ್ನು ಎಷ್ಟು ಅನುಮಾನಿಸಿದರೂ ಹಿತವಾದ ನಡಿಗೆ, ಹೊತ್ತಿಗೆ ಸರಿಯಾದ ಊಟ, ನಿದ್ದೆ ಉಳಿಯುತ್ತವೆ, ಅವು ಸಿಗುವುದು ಮಾರಿಯಾನ್‌ಸ್ಕೆಯಲ್ಲೇ ಹೆಚ್ಚು. ಅಲ್ಲಿ ಬೇಸರವಾಗುತ್ತದೆ ಎಂಬ ದೂರೂ ಇದೆ. ಸಂಜೆಗಳು ಮಂಕು, ನಿಜ. 1986ರ ಹಾಡುವ ಕಾರಂಜಿಯನ್ನು ಎರಡನೇ ಸಲ ನೋಡುವ ಆಸೆ ಎಲ್ಲರಿಗೂ ಆಗದು. ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್ ತಂಗುತ್ತಿದ್ದ ವೈಮರ್ ಹೋಟೆಲನ್ನು ದಶಕಗಳ ಕಾಲ ಪಾಳು ಬಿಟ್ಟದ್ದು ಆ ಊರಿನ ಮೇಲಿನ ಕಪ್ಪುಚುಕ್ಕೆ. ಆದರೂ ಮದ್ದು ಬೇಕಿದ್ದವರಿಗಷ್ಟೇ ಒಗ್ಗುವ ಊರು ಇದಲ್ಲ. 1820ರ ದಶಕದ ಮೊದಲ ಬೇಸಿಗೆಗಳಲ್ಲಿ ಜರ್ಮನ್ ಕವಿ ಗಯಟೆ ಇಲ್ಲಿಗೆ ಮತ್ತೆ ಮತ್ತೆ ಬಂದು, 1823ರಲ್ಲಿ ಮನೆಗೆ ಮರಳುವ ದಾರಿಯಲ್ಲಿ ‘ಮರಿಯನ್‌ಬಾಡ್ ಎಲಿಜಿ’ ಬರೆದ.

ಕಾರ್ಲೊವಿ ವಾರಿಯನ್ನು ನೋಡದೆ ಬರಬೇಕಿಲ್ಲ. ಮಾರಿಯಾನ್‌ಸ್ಕೆಯಲ್ಲಿ ಕೋಣೆ ಹಿಡಿದು, ಒಂದು ಬೆಳಿಗ್ಗೆ ಬೆಚೊವ್ ಮೇಲೆ ಹೋಗುವ ಒಂಟಿ ಹಳಿಯ ರೈಲು ಹತ್ತಿದರೆ ಸ್ಲಾವ್ಕೊವ್ ಕಾಡಿನ ನಡುವೆ ಹಾದು ಅಲ್ಲಿಗೆ ತಲುಪಬಹುದು. ವ್ರಿಡ್ಲೊ, ಮ್ಲೀನ್‌ಸ್ಕಾ, ದುರಸ್ತಿಯಾಗಿ 2023ರಲ್ಲಿ ಮತ್ತೆ ತೆರೆದ 1895ರ ಸಾಮ್ರಾಟ ಸ್ನಾನಗೃಹ ಇಷ್ಟನ್ನು ನೋಡಿ ಸಂಜೆಗೆ ಮರಳಬಹುದು. ಸಿನಿಮಾ ಹುಚ್ಚಿರುವವರು ಮಾತ್ರ ಜುಲೈ ಆರಂಭದ ಚಲನಚಿತ್ರೋತ್ಸವದ ಹೊತ್ತಿಗೆ ಈ ಲೆಕ್ಕವನ್ನು ತಿರುಗಿಸಿ ಕಾರ್ಲೊವಿ ವಾರಿಯಲ್ಲೇ ಉಳಿಯಲಿ. ಆ ವಾರದಲ್ಲಿ ಕೋಣೆಯನ್ನು ತಿಂಗಳುಗಳ ಮುಂಚೆಯೇ ಕಾದಿರಿಸಬೇಕಾಗುತ್ತದೆ.