ಪದಕ ಹಾಡಿದೆವು, ಸಾಲ ಮರೆತೆವು

ನಮ್ಮ ಕಡೆಯ ಕುಸ್ತಿ ಹುಚ್ಚಿನ ಹುಡುಗರು ಜನವರಿ ಬಂತು ಅಂದರೆ ಜೀಪು ಮಾಡಿಕೊಂಡು ಕರಾಡಕ್ಕೆ ಹೋಗುತ್ತಾರೆ. ಜತ್ತ ಹಾಯ್ದು ಹೋಗುವ ಗುಹಾಗರ ರಸ್ತೆ ಹಿಡಿದರೆ ನೆಟ್ಟಗೆ ಕರಾಡ. ಅದರ ಮಗ್ಗಲಿಗೇ ಗೋಳೇಶ್ವರ. ಅದು ಖಾಶಾಬಾ ದಾದಾಸಾಹೇಬ ಜಾಧವರ ಊರು. ಜನವರಿ 15 ಅವರ ಹುಟ್ಟಿದ ದಿನ. ಅದನ್ನೇ ಈಗ ಮಹಾರಾಷ್ಟ್ರ ಸರ್ಕಾರ ರಾಜ್ಯ ಕ್ರೀಡಾ ದಿನ ಅಂತ ಮಾಡಿದೆ. "ಎಲ್ಲಿಗ್ರೋ?" ಅಂದರೆ ಹುಡುಗರು, "ಖಾಶಾಬಾರ ಸಮಾಧಿ ದರ್ಶನಕ್ಕ ಕಾಕಾ" ಅಂತಾರೆ. ನಮ್ಮ ಕಡೆ ಹಿರಿಯರನ್ನು ಮಣ್ಣು ಮಾಡಿ ಗದ್ದುಗೆ ಕಟ್ಟೋ ರೂಢಿ. ಅದಕ್ಕೇ ದೊಡ್ಡವರ ನೆನಪಿಗೆ ಎಲ್ಲಿ ಕಲ್ಲು ನಿಂತರೂ ನಮ್ಮ ಬಾಯಾಗ ಅದು ಸಮಾಧಿನೇ. ಅಲ್ಲಿ ನೋಡೋದು ಒಲಿಂಪಿಕ್ಕಿನ ಐದು ಉಂಗುರದ ಸ್ಮಾರಕ, 'ಒಲಿಂಪಿಕ್ ನಿವಾಸ' ಅನ್ನೋ ಹೆಸರಿನ ಅವರ ಮನೆ.

ಒಂದು ವರ್ಷ ನಾನೂ ಹೋದೆ. ಡೊಳ್ಳಿನ ಪದ ಹಾಡೋನು, ಖಾಶಾಬಾರ ಮ್ಯಾಲೆ ಪದ ಕಟ್ಟಿದಾಂವ ಅಂತ ಹುಡುಗರು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋದರು. ಹೋಗಿಬಂದ ಕತೆ ಹೇಳೋದು ಇಲ್ಲಿ ನನ್ನ ಉದ್ದೇಶ ಅಲ್ಲ. ಅಲ್ಲಿ ನಾವು ಮಾಡಿದ್ದು ಎಷ್ಟು ಸರಿ, ನನ್ನ ಪದ ಎಷ್ಟು ಸರಿ, ಎರಡನ್ನೂ ತೂಗಿ ನೋಡಬೇಕು. ಮಂದಿಯ ಹಾಡಿನ ತಪ್ಪು ಹಿಡಿಯೋದು ಸುಲಭ. ನನ್ನದರಿಂದಲೇ ಸುರು ಮಾಡತೀನಿ.

ಅಲ್ಲಿ ಹಾರ ಹಾಕಿದೆವು, ಕಾಯಿ ಒಡೆದೆವು. ಹುಡುಗರು ಅಂಗಿ ಕಳೆದು ತೊಡೆ ತಟ್ಟಿ ಫೋಟೋ ಹೊಡಿಸಿಕೊಂಡರು. ಆಮೇಲೆ ನಾನು ಡೊಳ್ಳಿನ ಮ್ಯಾಲೆ ಪದ ಹಾಡಿದೆ. ದಾರಿ ಹಿಡಿದು ಹೊಂಟಿದ್ದ ಒಬ್ಬ ಮುದುಕ ನಿಂತು ಕೇಳಿದ. ಕನ್ನಡ ತಿಳಿಯಲಿಲ್ಲ ಅಂತ ಅರ್ಥ ಕೇಳಿದ. ನಾನು ಮರಾಠಿಯಲ್ಲಿ ಒಂದೊಂದೇ ನುಡಿ ಬಿಡಿಸಿ ಹೇಳಿದೆ. ಎಲ್ಲಾ ಕೇಳಿ ಆತ ಒಂದೇ ಮಾತು ಅಂದ: "ಇದರಾಗ ಖರ್ಡೀಕರ ಸರ್ ಎಲ್ಲಿ ಅದಾರ?" ನನ್ನ ಹತ್ತಿರ ಜವಾಬು ಇರಲಿಲ್ಲ. ಆ ಹೆಸರೇ ನಾನು ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ಸಾಲಿ ಗುರುಗಳನ್ನು ಹಿಡಿದು, ಕಾಗದ ಓದಿಸಿ, ಅವರಿವರನ್ನು ಕೇಳಿ ತಿಳಿದುಕೊಂಡೆ. ತಿಳಿದಷ್ಟೂ ನನ್ನ ಪದ ಸಣ್ಣದಾಗುತ್ತ ಹೋಯಿತು.

ನನ್ನ ಪದದಲ್ಲಿ ಖಾಶಾಬಾ ಆನೆಯಂಥ ಆಳು. ಖರೇ ಅಂದರೆ ಅವರು ಗಿಡ್ಡ ಆಳು, ಹೆಲ್ಸಿಂಕಿಯಲ್ಲಿ ಆಡಿದ್ದು 57 ಕಿಲೋ ತೂಕದ ಗಟ್ಟಿನಲ್ಲಿ. ನನ್ನ ಪದದಲ್ಲಿ ಅವರು ಬಂಗಾರ ಗೆದ್ದರು. ಖರೇ ಅಂದರೆ ಗೆದ್ದದ್ದು ಕಂಚು. ನನ್ನ ಪದದಲ್ಲಿ ಬೆನ್ನಿಗೆ ದೇವರು ನಿಂತಿದ್ದ. ಖರೇ ಅಂದರೆ ಬೆನ್ನಿಗೆ ನಿಂತವರು ಮಂದಿ, ಅದೂ ಕಿಸೆಯಲ್ಲಿ ರೊಕ್ಕ ಇಲ್ಲದ ಮಂದಿ.

ಈ ತಪ್ಪು ಯಾಕೆ ಆಯಿತು? ನನಗೆ ತಿಳಿಯದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಪದದ ಅಚ್ಚು. ಬೀರದೇವರ ಪದ ಕಟ್ಟೋ ಅಚ್ಚಿನಲ್ಲಿ ಯಾರನ್ನು ಹಾಕಿದರೂ ದೇವರಾಗೇ ಹೊರಗೆ ಬರತಾರ. ಹುಟ್ಟುವಾಗಲೇ ಪವಾಡ, ಬೆಳೆದರೆ ಬೆಟ್ಟ, ಹೊಡೆದರೆ ಒಂದೇ ಏಟು. ದೇವರಿಗೆ ಆ ಅಚ್ಚು ಸರಿ. ಮನುಷ್ಯರನ್ನು ಅದರಲ್ಲಿ ಎರಕ ಹೊಯ್ದರೆ ಅವರು ಪಟ್ಟ ಕಷ್ಟ ಎಲ್ಲಾ ಕರಗಿಹೋಗುತ್ತದೆ. ಗೆಲ್ಲೋದು ದೇವರ ಹಣೆಬರಹ ಆದಮೇಲೆ ಗೆಲ್ಲಿಸಿದವರ ಲೆಕ್ಕ ಯಾರು ಇಡಬೇಕು?

ಅವರ ಕಷ್ಟ ಎಂಥಾದ್ದು ಅಂತ ನೋಡ್ರಿ. 1926ರಲ್ಲಿ ಹುಟ್ಟಿದವರು. ಅಪ್ಪನೂ ಪೈಲವಾನ. ಕರಾಡದ ತಿಲಕ ಹೈಸ್ಕೂಲಿನಲ್ಲಿ ಓದಿ ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಹೋದರು. ಕಾಲೇಜಿನ ಹುಡುಗನಾಗಿಯೇ ದೊಡ್ಡ ದೊಡ್ಡ ಜೋಡಿ ಕೆಡವಿದರು. ಎದುರಿನವನನ್ನು ಬಿಗಿಹಿಡಿದು ಎತ್ತಿ ಒಗೆಯೋ 'ಢಾಕ' ಪಟ್ಟಿನಲ್ಲಿ ಅವರ ಕೈ ಪಳಗಿತ್ತು. 1948ರಲ್ಲಿ ಲಂಡನ್ ಒಲಿಂಪಿಕ್ಕಿಗೆ ಕೊಲ್ಹಾಪುರದ ಮಹಾರಾಜರು ಖರ್ಚು ಕೊಟ್ಟು ಕಳಿಸಿದರು. ಕೆಮ್ಮಣ್ಣಿನಲ್ಲಿ ಬೆಳೆದ ಹುಡುಗನಿಗೆ ಅಲ್ಲಿ ಮ್ಯಾಟು. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹಚ್ಚಿ ಚಿತ್ ಮಾಡಿದರೆ ಮುಗೀತು. ಅಲ್ಲಿ ಹೊತ್ತಿನ ಲೆಕ್ಕ, ಗುಣದ ಲೆಕ್ಕ. ಆದರೂ ಆರನೇ ನಂಬರ ಬಂದರು.

1952ರ ಹೆಲ್ಸಿಂಕಿಗೆ ಹೋಗೋ ಹೊತ್ತಿಗೆ ರೊಕ್ಕದ ತ್ರಾಸು. ಊರ ಮಂದಿ ಪಟ್ಟಿ ಕೂಡಿಸಿದರು. ಸಾಲಲಿಲ್ಲ. ಆಗ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೀಕರ ತಮ್ಮ ಸ್ವಂತ ಮನೆ ಒತ್ತಿ ಇಟ್ಟು 7,000 ರೂಪಾಯಿ ತಂದುಕೊಟ್ಟರು. ತಮ್ಮ ಮಗನಿಗಲ್ಲ, ತಮ್ಮ ಕಾಲೇಜಿನಲ್ಲಿ ಕಲಿತ ರೈತನ ಮಗನಿಗೆ. ಒತ್ತಿ ಅಂದರೆ ಏನು ಅಂತ ಬರಗಾಲದ ಜತ್ತ ತಾಲೂಕಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಒತ್ತಿ ಇಟ್ಟ ರಾತ್ರಿ ನಿದ್ದಿ ಹ್ಯಾಂಗ ಬರತದ ಅನ್ನೋದು ನನಗೂ ಗೊತ್ತು. ಆ ಮಾಸ್ತರರು ಆ ರಾತ್ರಿ ಹ್ಯಾಂಗ ಮಲಗಿದ್ದಾರು?

ಹೆಲ್ಸಿಂಕಿಯಲ್ಲಿ ಕೆನಡಾದವನನ್ನು, ಮೆಕ್ಸಿಕೋದವನನ್ನು, ಜರ್ಮನಿಯವನನ್ನು ಖಾಶಾಬಾ ಕೆಡವಿದರು. ಜಪಾನಿನ ಇಶೀ ಸಂಗಾಟ ಬಹಳ ಹೊತ್ತು ಹಿಡಿದು ಸೋತರು. ಬಂಗಾರ ಆ ಇಶೀಗೇ ಹೋಯಿತು. ಆ ಕುಸ್ತಿ ಮುಗಿದ ಕೂಡಲೇ ರಷ್ಯಾದವನ ಎದುರು ಇಳಿ ಅಂದರು. ನಡುವೆ ಅರ್ಧ ತಾಸು ದಣಿವಾರಿಸಿಕೊಳ್ಳಲಿಕ್ಕೆ ಬಿಡಬೇಕು ಅನ್ನೋದು ನೇಮ. "ನೇಮ ಅದ, ಬಿಡ್ರಿ" ಅಂತ ವಾದಿಸಲಿಕ್ಕೆ ನಮ್ಮ ದೇಶದ ಒಬ್ಬ ಅಧಿಕಾರಿಯೂ ಹತ್ತಿರ ಇರಲಿಲ್ಲ. ದಣಿದ ಮೈಯಲ್ಲೇ ಇಳಿದರು, ಸೋತರು. ಕೈಗೆ ಬಂದದ್ದು ಕಂಚು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಳು ಆಡಿ ತಂದ ಮೊದಲ ಒಲಿಂಪಿಕ್ ಪದಕ ಅದು. ಈ ಕತೆ ತಿಳಿದ ಮೇಲೆ ನನಗೆ ನನ್ನ ಪದದ ಬಂಗಾರಕ್ಕಿಂತ ಅವರ ಕಂಚಿನ ತೂಕ ಹೆಚ್ಚು ಅನ್ನಿಸಿತು. ಬಂಗಾರ ಅಂತ ಹಾಡಿ ನಾನು ಅವರನ್ನು ಎತ್ತಿದೆ ಅಂದುಕೊಂಡಿದ್ದೆ. ಒಂಟಿಯಾಗಿ ನಿಂತ ಆ ಆಳನ್ನು ಕಾಣದಂಗ ಮುಚ್ಚಿದ್ದೆ.

ತಿರುಗಿ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿ ಕಟ್ಟಿ ಮೆರವಣಿಗೆ ಮಾಡಿದರು. ಇದು ನನ್ನ ಪದದಲ್ಲಿ ಇತ್ತು. ಮೆರವಣಿಗೆ ಎಲ್ಲಾ ಪದದಲ್ಲೂ ಇರತದ. ಇಲ್ಲದ್ದು ಅದರ ಮುಂದಿನ ನುಡಿ. ಗೆದ್ದು ಬಂದ ಖಾಶಾಬಾ ಕುಸ್ತಿ ಇಡಿಸಿದರು, ತಾವೇ ಆಡಿದರು, ಬಂದ ರೊಕ್ಕದಿಂದ ಮೊದಲು ಖರ್ಡೀಕರರ ಮನೆ ಬಿಡಿಸಿಕೊಟ್ಟರು. ನನ್ನ ಕಣ್ಣಿಗೆ ಅವರ ಎಲ್ಲಕ್ಕಿಂತ ದೊಡ್ಡ ಕುಸ್ತಿ ಅದು. 1955ರಲ್ಲಿ ಪೊಲೀಸ ಖಾತೆಯಲ್ಲಿ ಸಬ್ ಇನ್ಸ್‌ಪೆಕ್ಟರ ಆದರು. 1984ರ ಆಗಸ್ಟಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಅವರ ಹೆಸರಿಗೆ ಬಂದದ್ದು ಆಮೇಲೆ, 2000ದ ಸಾಲಿನಲ್ಲಿ. 2010ರಲ್ಲಿ ದಿಲ್ಲಿಯ ಕುಸ್ತಿ ಮೈದಾನಕ್ಕೆ ಅವರ ಹೆಸರು ಇಟ್ಟರು.

ಗೋಳೇಶ್ವರಕ್ಕೆ ಹೋದವರು ಕರಾಡದ ಪ್ರೀತಿಸಂಗಮಕ್ಕೂ ಹೋಗತಾರ. ಕೃಷ್ಣಾ, ಕೊಯ್ನಾ ಕೂಡುವಲ್ಲಿ ಯಶವಂತರಾವ ಚವ್ಹಾಣರ ಸಮಾಧಿ ಇದೆ. ಅವರೂ ಅದೇ 1984ರಲ್ಲೇ ತೀರಿಕೊಂಡವರು. ಮುಖಂಡರಿಗೆ ಸಮಾಧಿ ಬೇಕು, ತೋಟ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಪೈಲವಾನನ ನೆನಪಿಗೆ ಬೇಕಾದದ್ದು ಬೇರೆ. ಅವರ ಊರಲ್ಲಿ ಕುಸ್ತಿ ಸಂಕುಲ ಕಟ್ಟತೀವಿ ಅಂತ ಸರ್ಕಾರ ಮಾತು ಕೊಟ್ಟು ವರ್ಷಗಟ್ಟಲೆ ಆದರೂ ಆಗದಿದ್ದಾಗ, 2017ರಲ್ಲಿ ಅವರ ಮನೆಯವರು ಆ ಪದಕವನ್ನೇ ಲಿಲಾವಿಗೆ ಇಟ್ಟು ತಾಲೀಮು ಕಟ್ಟತೀವಿ ಅಂದರು. ಗುರು ಮನೆ ಒತ್ತಿ ಇಟ್ಟದ್ದು ಪದಕಕ್ಕಾಗಿ. ಮಕ್ಕಳು ಪದಕ ಮಾರಲಿಕ್ಕೆ ಹೊಂಟದ್ದು ಮಣ್ಣಿಗಾಗಿ.

ಈಗ ನಮ್ಮ ಮಾತಿಗೆ ಬರತೀನಿ. ನಾವು ಹೋದ ವರ್ಷ ಜೀಪು, ಹಾರ, ಊಟ ಕೂಡಿ 7,000ದ ಹತ್ತಿರ ಆಯಿತು. ಅಂದಿನ 7,000ಕ್ಕೂ ಇಂದಿನ 7,000ಕ್ಕೂ ಸಂಬಂಧ ಇಲ್ಲ, ಆದರೂ ಆ ಅಂಕಿ ನನಗೆ ಮುಳ್ಳಿನಂಗ ನಟ್ಟಿತು. ಯಾಕಂದ್ರ ಅದೇ ಚಳಿಗಾಲ ನಮ್ಮ ತಾಲೀಮಿನಲ್ಲಿ ಎಲ್ಲರಿಗಿಂತ ಛಲೋ ಆಡೋ ಹುಡುಗ ಜೀಪಿನಲ್ಲಿ ಇರಲಿಲ್ಲ. ಹಾಲು, ಬದಾಮಿ ಖರ್ಚು ನೀಗದೆ ಅಪ್ಪ ಅವ್ವನ ಸಂಗಾಟ ಕಬ್ಬು ಕಡಿಯಲಿಕ್ಕೆ ಹೋಗಿದ್ದ. ಅವನಿಗೆ ಪಟ್ಟಿ ಕೂಡಿಸೋಣ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಖಾಶಾಬಾರ ಊರಿಗೆ ಹಾರ ಒಯ್ದೆವು, ನಮ್ಮ ಊರಿನ ಹುಡುಗನ ಕೈಯಲ್ಲಿ ಕೊಯ್ತ ಇತ್ತು.

ಹಂಗಂತ ಹೋಗೋದೇ ತಪ್ಪು ಅನ್ನೋದಿಲ್ಲ. ನನ್ನ ಈ ಮಾತು ಕೇಳಿ ಒಬ್ಬ ಹುಡುಗ ತಿರುಗಿ ಅಂದ: "ಕಾಕಾ, ಅಲ್ಲಿಗೆ ಹೋಗಿ ಬಂದ ಮ್ಯಾಲೇನ ನಾ ದಿನಾ ನಸುಕಿನ್ಯಾಗ ಎದ್ದು ಜೋರು ಬೈಠಕ ಹೊಡೀಲಿಕ್ಕ ಹತ್ತೀನಿ." ಅದು ಖರೇನೇ. ಕಲ್ಲಿಗೆ ಕೈ ಮುಗಿದರೂ ಮೈಯಾಗ ಹುರುಪು ಬರತದ. ಪಂಢರಪುರಕ್ಕೆ ನಡೆದು ಹೋದವರನ್ನು ಕೇಳ್ರಿ, ದಾರಿಯೂ ದೇವರೇ ಅಂತಾರ. ನನ್ನ ತಕರಾರು ಇಷ್ಟೇ: ಯಾರನ್ನು ನೆನೆಯಲಿಕ್ಕೆ ಹೋಗತೀವೋ ಅವರ ಪೂರಾ ಕತೆ ತಿಳಕೊಂಡು ಹೋಗಬೇಕು. ಗುರುಗಳು ಸಾಲಿಯಲ್ಲಿ ಖಾಶಾಬಾರ ಬಗ್ಗೆ ಹೇಳುವಾಗ ಖರ್ಡೀಕರರ ಬಗ್ಗೆಯೂ ಹೇಳಬೇಕು. ಅವರೂ ಮಾಸ್ತರರೇ ಆಗಿದ್ದರು.

ಪದವನ್ನು ತಿದ್ದಿ ಕಟ್ಟಿದ್ದೀನಿ. ಬಂಗಾರ ತೆಗೆದೆ, ಆನೆ ತೆಗೆದೆ. "ಮನಿ ಒತ್ತಿ ಇಟ್ಟಾನ ಗುರುವು, ಮಣ್ಣಿನ ಮಗನಿಗಾಗಿ" ಅನ್ನೋ ನುಡಿ ಕೂಡಿಸಿದೆ. ಡೊಳ್ಳಿನವರಿಗೆ ಅದು ಸೇರೋದಿಲ್ಲ, ಅಲ್ಲಿ ತಾಳ ಇಳೀತದ, ಮಂದಿ ಚಪ್ಪಾಳಿ ಹೊಡೆಯೋದಿಲ್ಲ ಅಂತಾರ. ಹೊಡೆಯೋದಿಲ್ಲ, ಖರೇ. ಆ ನುಡಿಗೆ ಮಂದಿ ಸುಮ್ಮನಾಗತಾರ. ಸಾಲ ಮಾಡಿದವರು ತಲೆ ತಗ್ಗಿಸತಾರ.

ಬರುವ ಜನವರಿಗೂ ಜೀಪು ಹೊಂಡತದ. ಪಟ್ಟಿ ಕೇಳಲಿಕ್ಕೆ ಹುಡುಗರು ಬಂದಾಗ ನಾನು ಕೊಡತೀನಿ, ಆದರೆ ಎರಡು ಪಾಲು ಮಾಡಿ ಕೊಡತೀನಿ. ಒಂದು ಜೀಪಿಗೆ, ಒಂದು ಕಬ್ಬಿನ ಗದ್ದೆಯಲ್ಲಿರೋ ಆ ಹುಡುಗನ ಹಾಲಿಗೆ. ಎರಡನೇದಕ್ಕೆ ಲೆಕ್ಕ ಇಡೋರು ಯಾರು ಅಂತ ಈಗಲೇ ಹೆಸರು ಹೇಳ್ರಿ.