ಎಡಕ್ಕೆ ತಿರುಗುವ ವಿದ್ಯೆ

ಫಾರ್ಮುಲಾ ಒನ್ ಭಕ್ತರಿಗೆ ಅಮೆರಿಕದ ಸ್ಟಾಕ್ ಕಾರ್ ರೇಸ್ ಎಂದರೆ ಮೊದಲಿನಿಂದಲೂ ಅಸಡ್ಡೆ. ‘ಅದರಲ್ಲೇನಿದೆ ಮಾರಾಯ್ರೆ, ಗಾಣದೆತ್ತಿನ ಹಾಗೆ ಎಡಕ್ಕೇ ಸುತ್ತುವುದು ತಾನೆ?’ ಎನ್ನುತ್ತಾರೆ. ಉತ್ತರ ಕೆರೊಲಿನಾದಲ್ಲಿ ನೌಕರಿಗಿದ್ದ ಕಾಲದಲ್ಲಿ, ಶನಿವಾರ ಸಂಜೆಗಳ ಮಟ್ಟಿಗೆ, ನಾನೂ ಆ ಗಾಣಕ್ಕೆ ಹೆಗಲು ಕೊಟ್ಟವನು. ದೊಡ್ಡ ಹೆಸರೇನೂ ಮಾಡಲಿಲ್ಲ. ಗುಂಪಿನ ನಡುವೆಲ್ಲೋ ಇರುತ್ತಿದ್ದೆ. ಎಡಕ್ಕೆ ಸುತ್ತುವುದರಲ್ಲಿ ಎಷ್ಟು ಕಸುಬಿದೆ ಎಂದು ತಿಳಿಯಲು ಅಷ್ಟು ಸಾಕಾಯಿತು.

ನನ್ನ ಪಾಲಿಗೆ ಬಂದದ್ದು ಮಸ್ಟಾಂಗ್. ಹೆಸರು ಕೇಳಿ ಕಣ್ಣರಳಿಸಬೇಡಿ. ಎಂಬತ್ತರ ದಶಕದ, 2.3 ಲೀಟರಿನ, ನಾಲ್ಕು ಸಿಲಿಂಡರಿನ ಬಡ ಮಸ್ಟಾಂಗ್ ಅದು. ಸಣ್ಣ ಟ್ರ್ಯಾಕುಗಳ ‘ಮಿನಿ ಸ್ಟಾಕ್’ ವರ್ಗದಲ್ಲಿ ಅಂಥವೇ ಹೆಚ್ಚು. ಒಳಗಿನ ಸೀಟು, ಗಾಜು, ಕಾರ್ಪೆಟ್ಟು ಎಲ್ಲ ಕಿತ್ತು ಉಕ್ಕಿನ ಕೊಳವೆಗಳ ಪಂಜರ ಕೂರಿಸಿರುತ್ತಾರೆ. ಬಾಗಿಲುಗಳಿಗೆ ವೆಲ್ಡಿಂಗ್ ಆಗಿರುವುದರಿಂದ ಕಿಟಕಿಯೊಳಗೆ ಕಾಲು ಹಾಕಿ ಇಳಿಯಬೇಕು. ಆಮೇಲೆ ಬಿಚ್ಚಿಟ್ಟ ಸ್ಟೀರಿಂಗನ್ನು ಸಿಕ್ಕಿಸಿಕೊಂಡು, ಐದು ಕಡೆಯಿಂದ ಬೆಲ್ಟ್ ಬಿಗಿದುಕೊಂಡು, ಕಿಟಕಿಗೆ ಬಲೆ ಎಳೆದುಕೊಳ್ಳಬೇಕು. ಸ್ಪೀಡೋಮೀಟರ್ ಇರುವುದಿಲ್ಲ. ಆಯಿಲ್ ಒತ್ತಡ, ನೀರಿನ ಬಿಸಿ, ಇವೆರಡರ ಮುಳ್ಳು ಕಂಡರೆ ಸಾಕು. ವೇಗ ಎಷ್ಟೆಂದು ಹೇಳಲು ಪಕ್ಕದ ಕಾರು ಇದ್ದೇ ಇರುತ್ತದೆ.

ಹಿಂದಿನ ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲನ್ನು ಬೆಸೆದುಬಿಟ್ಟಿರುತ್ತಾರೆ. ಎರಡೂ ಒಂದೇ ಲೆಕ್ಕದಲ್ಲಿ ಸುತ್ತಬೇಕು. ಬಲಗಡೆಗೆ ಸುತ್ತಳತೆ ಹೆಚ್ಚಿರುವ ಟೈರು, ಎಡಗಡೆಗೆ ಚಿಕ್ಕದು. ಹಾಗಾಗಿ ಕಾರು ತಾನಾಗಿಯೇ ಎಡಕ್ಕೆ ವಾಲುತ್ತದೆ. ನೇರ ದಾರಿಯಲ್ಲಿ ಅದನ್ನು ಬಲಕ್ಕೆ ಹಿಡಿದಿಟ್ಟುಕೊಳ್ಳುವುದೇ ಒಂದು ಕೆಲಸ. ಪಿಟ್‌ನಲ್ಲಿ ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಮುದುಕ ಮೆಕ್ಯಾನಿಕ್ ಟೇಪು ಹಿಡಿದು ಪ್ರತಿ ಟೈರಿನ ಸುತ್ತಳತೆ ತೆಗೆದು ಸೀಮೆಸುಣ್ಣದಲ್ಲಿ ರಬ್ಬರಿನ ಮೇಲೇ ಬರೆದಿಡುತ್ತಿದ್ದ. ಗಾಳಿಯ ಒತ್ತಡ ಒಂದಿಷ್ಟು ಬದಲಾದರೆ ಅಳತೆಯೂ ಬದಲು. ಸ್ಪ್ರಿಂಗಿನ ಮೇಲಿನ ಬೋಲ್ಟನ್ನು ಅರ್ಧ ಸುತ್ತು ತಿರುವಿದರೆ ಕಾರಿನ ಭಾರ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಯುತ್ತದೆ. ನಾನು ಬಂದು ‘ಟೈಟ್’ ಅಂದರೆ ಮೂತಿ ತಿರುಗದೆ ಗೋಡೆ ಕಡೆ ಹೋಗುತ್ತಿದೆ ಎಂದು ಅವನಿಗೆ ಗೊತ್ತು. ‘ಲೂಸ್’ ಅಂದರೆ ಬಾಲ ಜಾರುತ್ತಿದೆ. ಇಡೀ ಸಂಜೆ ನಮ್ಮಿಬ್ಬರ ಮಾತುಕತೆ ಈ ಎರಡು ಪದಗಳಲ್ಲೇ ಮುಗಿದುಬಿಡುತ್ತಿತ್ತು.

ಹೊಸಬರು ಗ್ಯಾಸ್ ಒತ್ತುವುದನ್ನೇ ಓಡಿಸುವುದು ಎಂದುಕೊಳ್ಳುತ್ತಾರೆ. ಕಾಲು ಮೈಲಿ ಟ್ರ್ಯಾಕಿನಲ್ಲಿ ನೇರ ದಾರಿ ಎನ್ನುವುದು ಒಂದೆರಡು ಉಸಿರಿನ ಮಾತು. ತಿರುವಿಗೆ ಕಾಲು ಎತ್ತುವುದು ಅರ್ಧ ಕಾರಿನುದ್ದ ತಡವಾದರೆ ಬಲ ಮುಂದಿನ ಟೈರು ಕಿರುಚುತ್ತದೆ, ಕಾರು ಮೇಲಕ್ಕೆ ತೇಲುತ್ತದೆ, ಒಳಗಡೆ ಒಬ್ಬ ಮೂತಿ ತೂರಿಸುತ್ತಾನೆ. ಹೀಗೆ ಹತ್ತು ಸುತ್ತು ಮಾಡಿದರೆ ಆ ಟೈರು ಕಾದು ಸತ್ತೇಹೋಗುತ್ತದೆ. ಬೇಗ ಕಾಲೆತ್ತಿ, ಕಾರು ತಾನೇ ಉರುಳಿ ತಿರುಗಲು ಬಿಟ್ಟು, ಆಮೇಲೆ ಮೆಲ್ಲಗೆ ಒತ್ತುವವನು ಕೊನೆಯ ಐದು ಸುತ್ತಿನಲ್ಲಿ ಎಲ್ಲರನ್ನೂ ದಾಟಿ ಹೋಗುತ್ತಾನೆ. ನನ್ನನ್ನು ದಾಟಿದವರೆಲ್ಲ ನನಗಿಂತ ಮೊದಲೇ ಕಾಲೆತ್ತುತ್ತಿದ್ದವರು.

ಈ ಆಟದ ಬೇರು ಹುಡುಕಿದರೆ ಕಳ್ಳಬಟ್ಟಿ ಸಿಗುತ್ತದೆ. ಬೆಟ್ಟದ ದಾರಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಸಾರಾಯಿ ಸಾಗಿಸುತ್ತಿದ್ದವರು ಮಾಮೂಲಿ ಕಾರಿನ ಹೊರಮೈ ಹಾಗೇ ಬಿಟ್ಟು ಒಳಗೆ ಕೈಚಳಕ ತೋರಿಸಿದರು. 1949ರ ಜೂನ್ 19ರಂದು ಷಾರ್ಲಟ್‌ನ ಮುಕ್ಕಾಲು ಮೈಲಿ ಮಣ್ಣಿನ ಟ್ರ್ಯಾಕಿನಲ್ಲಿ ಸ್ಟಾಕ್ ಕಾರ್ ರೇಸ್ ನಡೆಸುವ ಸಂಸ್ಥೆ ನಾಸ್ಕಾರ್ ತನ್ನ ಮೊದಲ ‘ಸ್ಟ್ರಿಕ್ಟ್‌ಲಿ ಸ್ಟಾಕ್’ ರೇಸ್ ನಡೆಸಿತು. ಕಾರು ಶೋರೂಮಿನಿಂದ ಬಂದ ಹಾಗೇ ಇರಬೇಕೆಂಬುದು ಷರತ್ತು. ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನ್‌ಅವೇ. ರೇಸ್ ಮುಗಿದ ಮೇಲೆ ತಪಾಸಣೆ ಮಾಡಿದರೆ ಅವನ ಫೋರ್ಡ್‌ನ ಹಿಂದಿನ ಸ್ಪ್ರಿಂಗುಗಳನ್ನು ಬಲಪಡಿಸಿದ್ದು ಸಿಕ್ಕಿತು. ಡಿಕ್ಕಿ ತುಂಬ ಸಾರಾಯಿ ಹೇರಿದರೂ ಹಿಂಭಾಗ ಕುಸಿಯದಿರಲು ಕಳ್ಳಸಾಗಣೆಯವರು ಮಾಡುತ್ತಿದ್ದ ಉಪಾಯವೇ ಅದು. ಗೆಲುವು ಕಾನ್ಸಾಸ್‌ನ ಜಿಮ್ ರೋಪರ್‌ಗೆ ಹೋಯಿತು. ಆ ಫೋರ್ಡ್ ಕಾರಿನ ಮಾಲೀಕ ಕೋರ್ಟು ಹತ್ತಿದ, ಅಲ್ಲೂ ಸೋತ. ಆಟದ ಜಾತಕವೆಲ್ಲ ಆ ಒಂದು ದಿನದಲ್ಲಿದೆ: ಮೋಸ, ತಪಾಸಣೆ, ಜಗಳ.

ಆ ಪರಂಪರೆಯ ಮಹಾಪುರುಷ ವಿಲ್ಕ್ಸ್ ಕೌಂಟಿಯ ಜೂನಿಯರ್ ಜಾನ್ಸನ್. ಕಳ್ಳಬಟ್ಟಿ ಕೇಸಿನಲ್ಲಿ ಜೈಲು ಕಂಡು ಬಂದವನು. 1960ರ ಡೇಟೋನಾ 500ರಲ್ಲಿ ಅವನ ಷೆವರ್ಲೆ ಉಳಿದ ಕಾರುಗಳಿಗಿಂತ ನಿಧಾನವಿತ್ತು. ವೇಗದ ಕಾರಿನ ಬಾಲಕ್ಕೆ ಅಂಟಿಕೊಂಡರೆ ಗಾಳಿಯ ತಡೆ ಕಡಿಮೆಯಾಗಿ ತಾನೂ ಅಷ್ಟೇ ವೇಗದಲ್ಲಿ ಹೋಗಬಹುದೆಂದು ಅಭ್ಯಾಸದ ವೇಳೆ ಕಂಡುಕೊಂಡ, ರೇಸನ್ನೂ ಗೆದ್ದ. ‘ಡ್ರಾಫ್ಟಿಂಗ್’ ಇವತ್ತು ಶಾಸ್ತ್ರವೇ ಆಗಿಹೋಗಿದೆ. 1986ರಲ್ಲಿ ಅಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನ ಕೊಟ್ಟರು.

ಕಳ್ಳನಿಗೆ ಸಿಕ್ಕ ಮರ್ಯಾದೆ ಕಪ್ಪು ಮೈಬಣ್ಣದ ವೆಂಡೆಲ್ ಸ್ಕಾಟ್‌ಗೆ ಸಿಗಲಿಲ್ಲ. ಸ್ವತಃ ಮೆಕ್ಯಾನಿಕ್ ಆಗಿದ್ದ, ಹಳೆ ಕಾರುಗಳನ್ನೇ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದ ಆತ 1963ರ ಡಿಸೆಂಬರಿನಲ್ಲಿ ಜಾಕ್ಸನ್‌ವಿಲ್‌ನಲ್ಲಿ ಗೆದ್ದಾಗ, ಗೆದ್ದವನು ಬಕ್ ಬೇಕರ್ ಎಂದು ಘೋಷಿಸಿ ಟ್ರೋಫಿ ಕೊಟ್ಟು ಕಳಿಸಿದರು. ಜನ ಚದುರಿದ ಮೇಲೆ ಲೆಕ್ಕ ಸರಿಮಾಡಿದರು. ಸ್ಕಾಟ್ 1990ರಲ್ಲಿ ತೀರಿಕೊಂಡ. ನಾಸ್ಕಾರ್ ಅವನ ಮನೆಯವರ ಕೈಗೆ ಆ ಗೆಲುವಿನ ಟ್ರೋಫಿ ಕೊಟ್ಟದ್ದು 2021ರಲ್ಲಿ. ನನ್ನ ಕಾಲದ ಪಿಟ್‌ಗಳಲ್ಲಿ ಗುಲಾಮಗಿರಿ ಉಳಿಸಲು ಕಾದಾಡಿದ ದಕ್ಷಿಣದವರ ಕಾನ್ಫೆಡರೇಟ್ ಬಾವುಟ ಹಾರುತ್ತಿದ್ದ ಟ್ರಕ್ಕುಗಳೂ ಇದ್ದವು. ಅದೇ ಸಾಲಿನಲ್ಲಿ ನನಗೆ ಸ್ಪಾನರ್ ಕಡ ಕೊಟ್ಟವರೂ ಇದ್ದರು. ಎರಡೂ ನಿಜ, ಒಂದರಿಂದ ಇನ್ನೊಂದು ವಜಾ ಆಗುವುದಿಲ್ಲ.

ಭಯದ ಬಗ್ಗೆ ಕೇಳುವವರಿದ್ದಾರೆ. 2001ರ ಫೆಬ್ರುವರಿ 18ರಂದು ಡೇಟೋನಾದ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ಸತ್ತಾಗ ನೋಡಿದವರಿಗೆ ಅದು ದೊಡ್ಡ ಅಪಘಾತ ಎನಿಸಿರಲೇ ಇಲ್ಲ. ತಲೆ ಮುಂದಕ್ಕೆ ಎಗರಿ ಬುರುಡೆಯ ಬುಡ ಒಡೆದಿತ್ತು. ಹೆಲ್ಮೆಟ್ಟನ್ನು ಭುಜಕ್ಕೆ ಕಟ್ಟಿಹಾಕುವ ‘ಹ್ಯಾನ್ಸ್’ನಂಥ ಸಾಧನ ಅದೇ ಅಕ್ಟೋಬರಿನಲ್ಲಿ ಕಡ್ಡಾಯವಾಯಿತು. ಹವ್ಯಾಸಿಗಳಿಗೆ ನನ್ನದೊಂದೇ ಸಲಹೆ: ಎಂಜಿನ್ನಿಗೆ ದುಡ್ಡು ಸುರಿಯುವ ಮೊದಲು ಕುತ್ತಿಗೆಗೆ ಸುರಿಯಿರಿ.

ನಮ್ಮ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್ ಓಡಿಸಿ ಬಂದವರು, 2010ರಲ್ಲಿ ನಾಸ್ಕಾರ್‌ನ ಟ್ರಕ್ ಸರಣಿಗೆ ಇಳಿದರು. ಮಾರ್ಟಿನ್ಸ್‌ವಿಲ್‌ನ ಅರ್ಧ ಮೈಲಿ ಟ್ರ್ಯಾಕಿನ ಮೊದಲ ರೇಸಿನಲ್ಲೇ 13ನೆಯವರಾಗಿ ಮುಗಿಸಿದರು. ಎಡಕ್ಕೆ ಸುತ್ತುವುದು ಸಲೀಸು ಎನ್ನುವವರು ಆ ಅಂಕಿಯನ್ನೊಮ್ಮೆ ನೆನೆಯಲಿ.

ಡೇಟೋನಾದ 31 ಡಿಗ್ರಿ ಇಳಿಜಾರಿನ ಅಬ್ಬರ ಟಿವಿಗೆ ಚೆನ್ನ. ನನ್ನ ಮಟ್ಟಿಗೆ ಸ್ಟಾಕ್ ಕಾರ್ ರೇಸ್ ಎಂದರೆ ಊರಿನ ಸಣ್ಣ ಟ್ರ್ಯಾಕು. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಷಾರ್ಲಟ್ ಕಡೆ ಹೋಗುವ ಓದುಗರು ಮಾಲ್ ಸುತ್ತಿ ಬೇಸರವಾದಾಗ ಒಂದೂವರೆ ಗಂಟೆ ದೂರದ ವಿನ್‌ಸ್ಟನ್-ಸೇಲಂಗೆ ಕರೆದೊಯ್ಯಲು ಅಳಿಯನಿಗೆ ಹೇಳಿ. ಫುಟ್‌ಬಾಲ್ ಮೈದಾನದ ಸುತ್ತ ಹಾಸಿದ ಕಾಲು ಮೈಲಿಯ ಬೋಮನ್ ಗ್ರೇ ಟ್ರ್ಯಾಕಿನಲ್ಲಿ 1949ರಿಂದ ನಾಸ್ಕಾರ್ ರೇಸ್ ನಡೆಯುತ್ತಿದೆ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಶನಿವಾರ ರಾತ್ರಿ. ಇಳಿಜಾರಿಲ್ಲದ ಇಕ್ಕಟ್ಟಿನ ದಾರಿ, ಒಳಗಡೆಯ ಸಾಲು ಬಿಟ್ಟುಕೊಡುವವರಿಲ್ಲ, ಹಿಂದಿನಿಂದ ಬಂಪರಿನಲ್ಲಿ ತಳ್ಳದೆ ದಾಟುವುದು ಕಷ್ಟ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ. ತಿರುವಿನ ಹತ್ತಿರ ಕುಳಿತು, ಯಾರ ಎಂಜಿನ್ ಮೊದಲು ದನಿ ತಗ್ಗಿಸುತ್ತದೆಂದು ಗಮನಿಸಿ. ಪಂದ್ಯ ಕಟ್ಟುವುದಿದ್ದರೆ ಅವನ ಮೇಲೆ ಕಟ್ಟಿ.